ಉಬ್ಬು ಗ್ರಾಫು ಹೊತ್ತು ಇಂಗ್ಲೆಂಡಿಗೆ

ಗುಬ್ಬಿ

ನಾನು ಇಂಗ್ಲೆಂಡಿಗೆ ಹೋದದ್ದು ನಮ್ಮ ಹೆಡ್ಮಾಸ್ಟರರ ಹುಟ್ಟಿದ ದಿನದ ಕೃಪೆಯಿಂದ. ಶಾಲೆಯ ದಾಖಲೆಯಲ್ಲಿ ಅವರು ಒಂದು ದಿನ ಹುಟ್ಟಿದ್ದರು, ಪಡಿತರ ಚೀಟಿಯಲ್ಲಿ ಇನ್ನೊಂದು ದಿನ. ಒಬ್ಬ ಮನುಷ್ಯ ಎರಡು ಸಲ ಹುಟ್ಟುವುದಕ್ಕೆ ಪಾಸ್‌ಪೋರ್ಟ್ ಕಚೇರಿಯವರು ಒಪ್ಪಲಿಲ್ಲ.

ತುಮಕೂರಿನ ನಮ್ಮ ಶಾಲೆ ಕಣ್ಣು ಕಾಣದ ಮಕ್ಕಳದು. ನಾನು ಅಲ್ಲಿ ಗಣಿತ ಹೇಳಿಕೊಡುತ್ತೇನೆ. ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನ ಅಂಥದೇ ಒಂದು ಶಾಲೆಯವರು, ‘ನಿಮ್ಮ ಗಣಿತದ ಟೀಚರನ್ನು ಮೂರು ವಾರ ಕಳಿಸಿಕೊಡಿ, ಖರ್ಚು ನಮ್ಮದು’ ಎಂದು ಪತ್ರ ಬರೆದಿದ್ದರು. ಸಮಾಜ ವಿಜ್ಞಾನ ಪಾಠ ಮಾಡುವ ಹೆಡ್ಮಾಸ್ಟರು ಆ ಪತ್ರ ಓದಿದ ಗಳಿಗೆಯಲ್ಲೇ ಗಣಿತದ ಟೀಚರಾಗಿಬಿಟ್ಟರು. ಪಾಸ್‌ಪೋರ್ಟ್ ಕೈಕೊಟ್ಟ ಮೇಲೆ ಯಾವ ಬೇಸರವನ್ನೂ ತೋರಿಸದೆ ಮತ್ತೆ ಸಮಾಜ ವಿಜ್ಞಾನಕ್ಕೆ ಮರಳಿದರು. ಬೇಸರವನ್ನು ನನ್ನ ರಜೆ ಅರ್ಜಿಯ ಮೇಲೆ ತೋರಿಸಿದರು.

ನನ್ನ ಬಗ್ಗೆ ಎರಡು ಮಾತು. ಹೆಸರು ಗಿರಿಜಾ. ಗುಬ್ಬಿಯ ಪಕ್ಕದ ಹಳ್ಳಿಯಲ್ಲಿ ತೆಂಗಿನಕಾಯಿ ಸುಲಿಯುವವರ ಮಗಳು ನಾನು. ನಮ್ಮ ವಂಶದಲ್ಲಿ ಬಿ.ಎಸ್ಸಿ. ಪಾಸು ಮಾಡಿದ ಮೊದಲ ಜೀವ. ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಅಪ್ಪ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದಾರೆ. ಪ್ರತಿ ಸೋಮವಾರ ಅದಕ್ಕೂ ಒಂದು ಹೂವು ಸಲ್ಲುತ್ತದೆ. ಹೂವು ಹಾಕಿಸಿಕೊಂಡ ಡಿಗ್ರಿಯವಳಿಗೆ ‘ನಿನ್ನ ಲೆಕ್ಕ ತಪ್ಪು’ ಎಂದು ಯಾರಾದರೂ ಹೇಳಿದರೆ ಹೇಗಾಗುತ್ತದೆ ಎಂದು ನೀವೇ ಊಹಿಸಿ.

ಹೊರಡುವ ಮುಂಚೆ ಅವ್ವನಿಗೆ ಹೇಳಲು ಹೋದೆ. ಅವ್ವ ರಾಗಿ ಕೇರುತ್ತಿದ್ದಳು.

“ಆ ದೇಸದಾಗೂ ಕಣ್ಣು ಕಾಣ್ದೋರು ಅವ್ರೇನೇ?”

“ಅವ್ರೆ ಕಣವ್ವ. ಅವ್ರಿಗೆ ಹೆಂಗೆ ಲೆಕ್ಕ ಹೇಳ್ಕೊಡ್ತಾರೆ ಅಂತ ನೋಡ್ಕೊಂಡ್ ಬರಕ್ಕೆ ಹೋಗ್ತಿರೋದು.”

“ಅಷ್ಟು ದುಡ್ಡೈತೆ ಅವ್ರ ತಾವ. ಲೆಕ್ಕ ಕಲ್ಸೋ ಬದ್ಲು ಕಣ್ಣೇ ವಾಸಿ ಮಾಡಕ್ಕಾಗಾಕಿಲ್ವ?” ಎಂದು ಅವ್ವ ಮೊರ ಕೊಡವಿದಳು. ನಮ್ಮ ಇಲಾಖೆಯಲ್ಲೂ ಬಹಳ ಜನರ ಅಭಿಪ್ರಾಯ ಅದೇ.

ತುಮಕೂರು, ಹೊರಡುವ ಹಿಂದಿನ ದಿನ

ಆ ದಿನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ತುಂಬುವ ಕೆಲಸ. ಕಣ್ಣು ಕಾಣದ ಮಕ್ಕಳು ಗಣಿತ ಬೇಡವೆಂದರೆ ಬದಲಿ ವಿಷಯ ಬರೆಯಬಹುದು. ಇದು ಸರ್ಕಾರದ ಕರುಣೆ. ಎಲ್ಲರಿಗೂ ಬೇಡವೆಂದೇ ಬರೆಯುವುದು ನಮ್ಮ ಶಾಲೆಯ ಪದ್ಧತಿ. ಇದರಿಂದ ಮಕ್ಕಳು ಪಾಸಾಗುತ್ತಾರೆ, ಶಾಲೆಯ ರಿಸಲ್ಟು ಹೊಳೆಯುತ್ತದೆ, ಗಣಿತದ ಟೀಚರಿಗೆ ಯಾರೂ ಏನೂ ಕೇಳುವುದಿಲ್ಲ. ಹನ್ನೊಂದು ವರ್ಷದಿಂದ ನಾನು ಆ ಸುಖದಲ್ಲಿದ್ದೆ.

ಆ ವರ್ಷ ಒಬ್ಬಳು ಅಡ್ಡ ಬಂದಳು. ಮಂಜುಳ, ಕುಣಿಗಲ್ ಕಡೆಯವಳು, ಹುಟ್ಟಿನಿಂದ ಕಣ್ಣಿಲ್ಲ.

“ಮಿಸ್, ನಂಗೆ ಬದ್ಲಿ ಬೇಡ. ಗಣಿತಾನೇ ಬರೀರಿ. ನಾನೂ ನಿಮ್ಮಂಗೆ ಲೆಕ್ಕದ ಮಿಸ್ಸೇ ಆಗ್ಬೇಕು.”

ಆಸೆಯೇನೋ ಸರಿ. ಅರ್ಜಿಯಲ್ಲಿ ಒಂದು ಸಲ ಬದಲಿ ಎಂದು ಬಿದ್ದರೆ ಮುಂದೆ ಪಿಯುಸಿಯಲ್ಲಿ ಗಣಿತ ಸಿಗುವುದಿಲ್ಲ, ಅವಳ ಆಸೆ ಅಲ್ಲಿಗೇ ಮುಗಿಯಿತು. ಆದರೆ ನನ್ನ ಕೈಯಲ್ಲಿ ಅವಳ ಗ್ರಾಫ್ ಟೆಸ್ಟಿನ ಫಲಿತಾಂಶವಿತ್ತು: ಹತ್ತಕ್ಕೆ ಎರಡು.

ಗ್ರಾಫು ಹೇಗೆ ಮಾಡುತ್ತಿದ್ದೆ ಎಂದು ಹೇಳಬೇಕು. ದಪ್ಪ ಕಾಗದದ ಮೇಲೆ, ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಹಲ್ಲಿನ ಗಾಲಿಯನ್ನು ಒತ್ತಿ ಉರುಳಿಸಿದರೆ, ಕಾಗದದ ಆ ಬದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಗೆರೆ ಉಬ್ಬುತ್ತದೆ. ಹಾಗೆ ಎರಡು ಅಕ್ಷ ಎಳೆದು, ಹತ್ತು ಬಿಂದು ಚುಚ್ಚಿ, ಯಾವ ಬಿಂದು ಎಲ್ಲಿದೆ ಹೇಳಿ ಎಂದು ಮಕ್ಕಳ ಕೈಗೆ ಕೊಡುತ್ತಿದ್ದೆ. ಉಳಿದ ಮಕ್ಕಳು ಹಿಂದಿನ ದಿನ ನಾನು ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸಿ ಎಂಟು, ಒಂಬತ್ತು ತೆಗೆದುಕೊಂಡಿದ್ದರು. ಮಂಜುಳ ಮಾತ್ರ ಕಾಗದದ ಮೇಲೆ ಅರ್ಧ ಗಂಟೆ ಬೆರಳಾಡಿಸಿ, ಎಂಟು ತಪ್ಪು ಹೇಳಿದ್ದಳು. ಬಲಕ್ಕೆ ಮೂರು ಇರುವುದನ್ನು ಎಡಕ್ಕೆ ಮೂರು ಎಂದಿದ್ದಳು.

“ಬಲಕ್ಕೆ ಕಣೇ” ಎಂದಿದ್ದೆ.

“ಇಲ್ಲ ಮಿಸ್, ಎಡ್ಗಡೆನೇ ಐತೆ. ಮುಟ್ಟಿ ನೋಡಿ ಬೇಕಾರೆ.”

“ಕಣ್ಣು ಕಾಣೋದು ನಂಗೆ ಕಣೇ, ನಿಂಗಲ್ಲ” ಎಂದುಬಿಟ್ಟಿದ್ದೆ.

ಎಡ ಬಲ ತಿಳಿಯದವಳಿಗೆ ಗಣಿತ ಬೇಡ ಎಂದು ತೀರ್ಮಾನಿಸಿ, ಅರ್ಜಿಯಲ್ಲಿ ಬದಲಿ ವಿಷಯ ಎಂದು ಬರೆದು, ಅಂಕಪಟ್ಟಿ ಲಗತ್ತಿಸಿ ಸಹಿ ಹಾಕಿದೆ. ಅರ್ಜಿಗಳು ಹದಿನೈದು ದಿನ ಬಿಟ್ಟು ಒಂದು ಶುಕ್ರವಾರ ಕಚೇರಿಗೆ ಹೋಗಬೇಕಿತ್ತು. ಮಂಜುಳಳ ಕೈಯಿಂದ ಹೆಬ್ಬೆಟ್ಟು ಒತ್ತಿಸಿದೆ. ಬೆರಳಿನ ಇಂಕನ್ನು ಅವಳು ಬಹಳ ಹೊತ್ತು ಒರೆಸಿಕೊಳ್ಳುತ್ತಿದ್ದಳು.

ಬೆಂಗಳೂರು ವಿಮಾನ ನಿಲ್ದಾಣ

ನಮ್ಮ ಮಕ್ಕಳು ಲೆಕ್ಕ ಮಾಡುವುದು ನಕ್ಷತ್ರದಂಥ ತೂತುಗಳಿರುವ ಹಲಗೆಯ ಮೇಲೆ. ಸೀಸದ ಪುಟ್ಟ ಅಚ್ಚುಮೊಳೆಗಳನ್ನು ತೂತಿಗೆ ಸಿಕ್ಕಿಸಬೇಕು; ಮೊಳೆ ಯಾವ ಕಡೆಗೆ ತಿರುಗಿದೆ ಎಂಬುದರ ಮೇಲೆ ಅದು ಯಾವ ಅಂಕಿ ಎಂದು ಬೆರಳಿಗೆ ಗೊತ್ತಾಗುತ್ತದೆ. ಬಿಳಿಯರಿಗೆ ತೋರಿಸೋಣವೆಂದು ಒಂದು ಹಲಗೆ, ಒಂದು ಚೀಲ ಮೊಳೆ, ಜೊತೆಗೆ ನನ್ನ ಹೆಮ್ಮೆಯ ಉಬ್ಬು ಗ್ರಾಫುಗಳನ್ನು ಹೊತ್ತು ಹೊರಟಿದ್ದೆ.

ಜಗತ್ತಿನ ವಿಮಾನ ನಿಲ್ದಾಣಗಳೆಲ್ಲ ಸೂಜಿಗೂ ಹೆದರುತ್ತಿದ್ದ ಕಾಲ ಅದು. ನನ್ನ ಚೀಲ ಯಂತ್ರದೊಳಗೆ ಹೋದದ್ದೇ, ಒಬ್ಬ ಪೊಲೀಸಪ್ಪ ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬನನ್ನು ಕರೆದ.

“ಏನಮ್ಮ ಇದು? ಗುಂಡುಗಳಾ?”

“ಲೆಕ್ಕ ಸಾರ್.”

“ಯಾವ ಲೆಕ್ಕ?”

ಅಲ್ಲೇ ಹಲಗೆ ತೆಗೆದು ಇಪ್ಪತ್ತೇಳನ್ನು ಹದಿನಾಲ್ಕರಿಂದ ಗುಣಿಸಿ ತೋರಿಸಿದೆ. ಹಿಂದೆ ಸಾಲಿನಲ್ಲಿದ್ದವರಲ್ಲಿ ಇಬ್ಬರು ನನಗಿಂತ ಮುಂಚೆ ಉತ್ತರ ಹೇಳಿ, ಇಬ್ಬರೂ ತಪ್ಪು ಹೇಳಿದರು. ಪೊಲೀಸಪ್ಪ ಸೀಸದ ಮೊಳೆಯೊಂದನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, ಚಿನ್ನವಲ್ಲವೆಂದು ಸಮಾಧಾನ ಮಾಡಿಕೊಂಡು ವಾಪಸು ಕೊಟ್ಟ.

“ಅಲ್ಲಮ್ಮ, ಕಣ್ಣು ಕಾಣ್ದೋರಿಗೆ ಲೆಕ್ಕ ಯಾತಕ್ಕೆ? ಪಾಪ, ಸಂಗೀತ ಗಿಂಗೀತ ಕಲ್ಸಬಾರ್ದಾ?”

ಹಿಂದಿನ ದಿನವಷ್ಟೇ ನಾನು ಸಹಿ ಹಾಕಿದ ಅರ್ಜಿಯೂ ಇದನ್ನೇ ಹೇಳುತ್ತಿತ್ತು. ಆದರೂ ಅವನ ಮೇಲೆ ನನಗೆ ಸಿಟ್ಟು ಬಂತು. ಸಿಟ್ಟು ಯಾವಾಗಲೂ ಬೇರೆಯವರ ಮೇಲೆ ಬಂದರೇ ಚೆನ್ನ.

ಲೀಡ್ಸ್, ಮೊದಲ ವಾರ

ಇಂಗ್ಲಿಷರು ಅರ್ಧ ಜಗತ್ತನ್ನು ಆಳಿದರಂತೆ. ಹೇಗೆ ಆಳಿದರೋ, ಇವತ್ತಿಗೂ ಮುಖ ತೊಳೆಯಲು ಒಂದು ಹದವಾದ ನೀರು ಮಾಡಿಕೊಂಡಿಲ್ಲ. ತೊಟ್ಟಿಯ ಎಡಕ್ಕೊಂದು ನಲ್ಲಿ, ಬಲಕ್ಕೊಂದು ನಲ್ಲಿ. ಒಂದರಲ್ಲಿ ಕೈ ಬೇಯುತ್ತದೆ, ಇನ್ನೊಂದರಲ್ಲಿ ಮರಗಟ್ಟುತ್ತದೆ. ನಾನು ಉಳಿದುಕೊಂಡಿದ್ದ ಮನೆಯ ಮುದುಕಿಗೆ ಎರಡನ್ನೂ ಸೇರಿಸಬಾರದೇ ಎಂದು ಕೇಳಿದೆ. “ಯಾಕೆ?” ಎಂದು ನಿಜವಾದ ಆಶ್ಚರ್ಯದಿಂದ ಕೇಳಿದಳು. ನಮ್ಮ ಮನೆಯಲ್ಲಿ ಹಂಡೆಯ ಪಕ್ಕ ತಣ್ಣೀರಿನ ಬಕೆಟ್ ಇರುತ್ತದೆ ಎಂದು ವಿವರಿಸಿದಾಗ, “ಎಷ್ಟು ಬುದ್ಧಿವಂತಿಕೆ!” ಎಂದು ಮೆಚ್ಚಿಕೊಂಡಳು.

ಬಸ್ಸಿನಲ್ಲಿ ಕಂಡಕ್ಟರಿಲ್ಲ. ಡ್ರೈವರೇ ಟಿಕೆಟು ಕೊಟ್ಟು, ಹೆಂಗಸರನ್ನೆಲ್ಲ ‘ಲವ್’ ಎಂದು ಕರೆಯುತ್ತಾನೆ. ಮೊದಲ ದಿನ ನನ್ನನ್ನೂ ಕರೆದ. ನಾನು ಗಂಭೀರವಾಗಿ ಸೆರಗು ಸರಿಮಾಡಿಕೊಂಡು ಹಿಂದಿನ ಸೀಟಿಗೆ ಹೋದೆ. ನನ್ನ ಹಿಂದೆ ಹತ್ತಿದ ಎಂಬತ್ತರ ಅಜ್ಜಿಯನ್ನೂ ಅವನು ಹಾಗೇ ಕರೆದಾಗ ಸ್ವಲ್ಪ ನಿರಾಸೆಯೇ ಆಯಿತು. ನಮ್ಮ ಕುಣಿಗಲ್ ಬಸ್ಸಿನ ಕಂಡಕ್ಟರು “ಒಳಗ್ ನಡೀರೀ, ಒಳಗ್ ನಡೀರೀ, ಏನ್ ಬಾಗ್ಲಲ್ಲೇ ಮದ್ವೆನಾ?” ಎನ್ನುವಾಗ ಇಂಥ ಗೊಂದಲವಿಲ್ಲ.

ಶಾಲೆಯಲ್ಲಿ ಮೊದಲ ದಿನವೇ ಒಂದು ಎಡವಟ್ಟು ಮಾಡಿದೆ. ಕಾರಿಡಾರಿನಲ್ಲಿ ಬಿಳಿ ಕೋಲು ಹಿಡಿದ ಅರವತ್ತರ ಹಿರಿಯರೊಬ್ಬರು ನಿಂತಿದ್ದರು. ಪಾಪ ದಾರಿ ತಪ್ಪಿರಬೇಕು ಎಂದು ಅವರ ರೆಟ್ಟೆ ಹಿಡಿದು ನಡೆಸಿಕೊಂಡು ಹೊರಟೆ. ಅವರೂ ನನ್ನ ಜೊತೆ ಹತ್ತು ಹೆಜ್ಜೆ ಬಂದರು.

“ನಾವು ಎಲ್ಲಿಗೆ ಹೋಗ್ತಾ ಇದ್ದೀವಿ?” ಎಂದು ಕೇಳಿದರು.

“ನಿಮಗೆಲ್ಲಿಗೆ ಹೋಗಬೇಕು?”

“ನಾನು ಅಲ್ಲೇ ನಿಂತಿರಬೇಕಿತ್ತು. ತುಮಕೂರಿಂದ ಒಬ್ಬ ಟೀಚರ್ ಬರ್ತಾರೆ, ಅವರಿಗೆ ದಾರಿ ತೋರಿಸೋಕೆ.”

ಅವರೇ ಅಲ್ಲಿನ ಗಣಿತದ ಮೇಷ್ಟ್ರು, ಗ್ರಹಾಮ್. ಸಾರ್ ಎಂದರೆ ಬೇಸರಪಡುತ್ತಿದ್ದರು. ನನಗೋ ಅಪ್ಪನ ವಯಸ್ಸಿನವರನ್ನು ಬರೀ ಹೆಸರಿನಿಂದ ಕರೆಯಲು ನಾಲಿಗೆ ಹೊರಳದು. ಕೊನೆಗೆ ‘ಗ್ರಹಾಮ್ ಸಾರ್’ ಎಂಬಲ್ಲಿಗೆ ಇಬ್ಬರೂ ರಾಜಿಯಾದೆವು. ಹಿಡಿದು ಎಳೆಯಬಾರದು, ನಮ್ಮ ಮೊಣಕೈಯನ್ನು ಕಣ್ಣು ಕಾಣದವರ ಕೈಗೆ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು ಎಂದು ಕಲಿಸಿದರು. ನಮ್ಮ ತುಮಕೂರಿನ ಶಿರಾ ಗೇಟಿನಲ್ಲಿ ಕಣ್ಣು ಕಾಣದವರು ಸುಮ್ಮನೆ ಬೀಡಿ ಹಚ್ಚಲು ನಿಂತರೂ ಸಾಕು, ನಾಲ್ಕು ಜನ ಬಂದು ರೆಟ್ಟೆ ಹಿಡಿದು ರಸ್ತೆ ದಾಟಿಸಿ ಪುಣ್ಯ ಕಟ್ಟಿಕೊಳ್ಳುತ್ತಾರೆ. ವಾಪಸು ಬರುವ ಕಷ್ಟ ಅವರವರದು.

ಅಲ್ಲಿನ ಮಕ್ಕಳ ಮುಂದೆ ಮಾತಾಡುವ ಕ್ಯಾಲ್ಕುಲೇಟರುಗಳಿದ್ದವು. ಇಂಥ ಸೌಲಭ್ಯದಲ್ಲಿ ಎಂಥ ಮೇಧಾವಿಗಳಿರಬಹುದು ಎಂದು ಅಂಜುತ್ತಲೇ ತರಗತಿಗೆ ಹೋದೆ. ಗಣಿತ ಇಷ್ಟವೇ ಎಂದು ಕೇಳಿದೆ. “ಇಲ್ಲ!” ಎಂದು ಹನ್ನೆರಡು ಜನ ಒಂದೇ ಧ್ವನಿಯಲ್ಲಿ ಕೂಗಿದರು. ತವರುಮನೆಗೆ ಬಂದಂತಾಯಿತು. ಒಂದೇ ವ್ಯತ್ಯಾಸ, ಅವರಲ್ಲಿ ಯಾರಿಗೂ ಗಣಿತ ಬಿಡುವ ಅನುಕೂಲವಿರಲಿಲ್ಲ. ಬದಲಿ ವಿಷಯದ ಬಗ್ಗೆ ಗ್ರಹಾಮರಿಗೆ ಹೇಳಿದೆ. “ಓಹೋ, ಯಾರ ಅನುಕೂಲಕ್ಕೆ?” ಎಂದರು. ಕೇಳಿಸದವಳಂತೆ ಚಹಾ ಕುಡಿದೆ. ಕುದಿಸದ ಹಾಲು ಹಾಕಿದ ಆ ಚಹಾ ನಿಜವಾಗಿ ಗಮನವಿಟ್ಟು ಕುಡಿಯುವಂಥದಲ್ಲ.

ಲೀಡ್ಸ್, ಎರಡನೇ ಬುಧವಾರ

ಆ ದಿನ ಪಾಠದ ನಂತರ ಗ್ರಹಾಮ್ ಸಾರ್ ನನ್ನ ಗ್ರಾಫುಗಳನ್ನು ನೋಡಬೇಕೆಂದರು. ನೋಡುವುದೆಂದರೆ ಮುಟ್ಟುವುದು. ಇದಕ್ಕೇ ಕಾದಿದ್ದ ನಾನು ಟೆಸ್ಟಿನ ಹಾಳೆಯನ್ನೇ ಮೇಜಿನ ಮೇಲಿಟ್ಟೆ. ಬೆರಳು ಹಗುರವಾಗಿ ಓಡಿತು.

“ಗೆರೆ ಬಹಳ ಚೆನ್ನಾಗಿ ಉಬ್ಬಿದೆ. ಮೊದಲನೇ ಬಿಂದು ಮೈನಸ್ ಮೂರು, ಎರಡು.”

“ಪ್ಲಸ್ ಮೂರು” ಎಂದೆ ಮೃದುವಾಗಿ. ವಯಸ್ಸಾದವರು.

“ಮೈನಸ್. ಎರಡನೇದು ನಾಲ್ಕು, ಒಂದು.”

ಅದು ಮೈನಸ್ ನಾಲ್ಕಿತ್ತು. ಹೀಗೇ ಹತ್ತೂ ಓದಿದರು. ಎಂಟು ತಪ್ಪು. ನೆಟ್ಟಗಿನ ಅಕ್ಷದ ಮೇಲೇ ಇದ್ದ ಎರಡು ಮಾತ್ರ ಸರಿ. ಹತ್ತಕ್ಕೆ ಎರಡು. ಇಷ್ಟು ವರ್ಷ ಗಣಿತ ಹೇಳಿದವರಿಗೂ ಎಡ ಬಲ ತಿಳಿಯದಲ್ಲ ಎಂದು ಮನಸ್ಸಿನಲ್ಲೇ ಮರುಗಿದೆ. ಆದರೆ ಎಲ್ಲಿಯ ತುಮಕೂರು, ಎಲ್ಲಿಯ ಲೀಡ್ಸ್. ಇಬ್ಬರೂ ಅವೇ ಎಂಟನ್ನು ತಪ್ಪು ಮಾಡಬೇಕೇ?

ಅವರು ಹಾಳೆ ಮಗುಚಿ ಹಿಂಬದಿಯ ಕುಳಿಗಳ ಮೇಲೆ ಕೈಯಾಡಿಸಿದರು.

“ಗಾಲಿ ಉರುಳಿಸೋದು ಈ ಬದಿಯಿಂದ ತಾನೆ? ಆಮೇಲೆ ಹಾಳೆ ತಿರುಗಿಸಿ ಮಕ್ಕಳಿಗೆ ಕೊಡ್ತೀರಿ.”

“ಹೌದು.”

“ತಿರುಗಿಸಿದಾಗ ನಿಮ್ಮ ಬಲಗಡೆ ಎಲ್ಲಿಗೆ ಹೋಗುತ್ತೆ?”

ನಾನು ಹಾಳೆಯನ್ನು ತಿರುಗಿಸಿದೆ. ಮತ್ತೆ ಮಗುಚಿದೆ. ಮತ್ತೆ ತಿರುಗಿಸಿದೆ. ಕಿಟಕಿಯ ಹೊರಗೆ ಅವರ ಆ ಜಿಟಿಜಿಟಿ ಮಳೆ ಸುರಿಯುತ್ತಿತ್ತು.

ತಮಾಷೆಯೆಂದರೆ ಬ್ರೈಲ್ ಅಕ್ಷರಗಳ ವಿಷಯದಲ್ಲಿ ಇದು ನನಗೆ ಮೊದಲ ದಿನದಿಂದ ಗೊತ್ತು. ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚುತ್ತೇವೆ, ಹಾಳೆ ತಿರುವಿ ಎಡದಿಂದ ಬಲಕ್ಕೆ ಓದುತ್ತೇವೆ. ಹೊಸ ಮಕ್ಕಳಿಗೆ ಅದನ್ನು ಹೇಳಿಕೊಡುವುದೇ ನಾನು. ಅಕ್ಷರ ತಿರುಗುತ್ತದೆ, ಚಿತ್ರ ಮಾತ್ರ ಗಿರಿಜಾ ಮಿಸ್ ಬಿ.ಎಸ್ಸಿ. ಅವರಿಗೆ ಹೆದರಿ ನೆಟ್ಟಗೆ ನಿಂತಿರುತ್ತದೆ ಎಂದು ಹನ್ನೊಂದು ವರ್ಷ ನಂಬಿದ್ದೆ. ಆ ಹಾಳೆಯನ್ನು ನಾನು ನೋಡುತ್ತಿದ್ದುದು ಗಾಲಿ ಹಿಡಿದ ಬದಿಯಿಂದ ಮಾತ್ರ. ಮಕ್ಕಳು ಮುಟ್ಟುವ ಬದಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಕಣ್ಣು ಕಾಣುವವಳು ನಾನಲ್ಲವೇ.

“ಯಾರಾದ್ರೂ ಮಕ್ಕಳು ಹೇಳಿರಬೇಕಲ್ಲ?” ಎಂದರು ಗ್ರಹಾಮ್ ಸಾರ್.

“ಹೇಳಿದ್ಲು. ಒಬ್ಬಳು.”

“ಅವಳಿಗೆ ಎಷ್ಟು ಅಂಕ ಕೊಟ್ಟಿರಿ?”

ಹೇಳಿದೆ. ಇಂಗ್ಲಿಷರಿಗೆ ಹವಾಮಾನದ ಬಗ್ಗೆ ಮಾತಾಡಬೇಕಾದ ಸಮಯ ಯಾವುದೆಂದು ಚೆನ್ನಾಗಿ ಗೊತ್ತು. “ಮಳೆ ಜೋರಾಗ್ತಾ ಇದೆ” ಎಂದರು.

ಲೀಡ್ಸ್, ಗುರುವಾರ ಬೆಳಿಗ್ಗೆ

ನಾಳೆ ಶುಕ್ರವಾರ, ಅರ್ಜಿ ಹೋಗುತ್ತದೆ. ನಮ್ಮ ಶಾಲೆಯ ಫೋನು ರಸ್ತೆ ಅಗೆದವರ ದಯೆಯಿಂದ ಎರಡು ತಿಂಗಳಿಂದ ಸತ್ತಿತ್ತು. ಬಾಯಲ್ಲಿ ಬರುವ ನಂಬರು ಇನ್ನೊಂದೇ: ಶಿರಾ ಗೇಟಿನ ರಾಜಣ್ಣನ ಎಸ್‌ಟಿಡಿ ಬೂತಿನದು. ರಾಜಣ್ಣ ನನ್ನ ಹಳೆಯ ವಿದ್ಯಾರ್ಥಿ, ಅವನಿಗೂ ಕಣ್ಣಿಲ್ಲ. ಅವನಿಗೂ ಬದಲಿ ವಿಷಯ ಬರೆದದ್ದು ನಾನೇ. ರಸ್ತೆ ಬದಿಯ ಕೆಂಪು ಫೋನ್ ಡಬ್ಬದೊಳಗೆ ನಿಂತು ಒತ್ತಿದೆ.

“ಏನ್ ಮಿಸ್, ಹಿಂದಿನ್ ಬೀದಿಲಿ ನಿಂತ್ಕಂಡು ಮಾತಾಡ್ದಂಗೈತೆ! ಮಳೆ ಬತ್ತೈತಾ ಅಲ್ಲಿ? ಸದ್ದು ಬತ್ತೈತೆ.”

ವಿಷಯ ಹೇಳಿದೆ.

“ಹಂಗಾರೆ ನಮ್ಗೂ ಉಲ್ಟಾನೇ ಕೊಟ್ಟಿದ್ರಾ ಮಿಸ್?”

“ಹೂಂ ಕಣೋ.”

“ಬುಡಿ ಅತ್ಲಾಗೆ. ನಾವೇನ್ ಮುಟ್ ನೋಡ್ತಿದ್ವಾ? ನೀವ್ ಹೇಳಿದ್ನ ಒಪ್ಪುಸ್ತಿದ್ವಿ” ಎಂದು ನಕ್ಕ. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. “ಒಂದ್ ಗಂಟೆ ಬುಟ್ಟು ಮಾಡಿ. ಸಾರ್‌ನೂ ಮಂಜುನ್ನೂ ಕರೆಸಿರ್ತೀನಿ.”

ಒಂದು ಗಂಟೆ ಬಿಟ್ಟು ಮಾಡಿದಾಗ ಅವನು ಸ್ಪೀಕರ್ ಹಾಕಿಟ್ಟಿದ್ದ. ಬೂತಿನಲ್ಲಿದ್ದವರೆಲ್ಲ ಇಂಗ್ಲೆಂಡಿನ ಮಾತು ಕೇಳಲು ಸೇರಿದ್ದರೆಂದು ಗದ್ದಲದಿಂದಲೇ ತಿಳಿಯಿತು.

“ಏನ್ ಮೇಡಂ ಇದು” ಎಂದರು ಹೆಡ್ಮಾಸ್ಟರು. “ನಮ್ದು ನೂರಕ್ಕೆ ನೂರು ರಿಸಲ್ಟು. ಎರಡು ಮಾರ್ಕ್ಸು ಅಂತ ನೀವೇ ಬರ್ದು, ನೀವೇ ಸೈನ್ ಮಾಡಿದೀರ. ಈಗ ನೋಡಿದ್ರೆ...”

“ತಪ್ಪು ನಂದು ಸಾರ್. ಚಿತ್ರ ಉಲ್ಟಾ ಇತ್ತು. ಅವ್ಳು ಹೇಳಿದ್ದು ಸರಿ.”

“ಜೋರಾಗಿ ಹೇಳಿ, ಕೇಳಿಸ್ತಿಲ್ಲ.”

ಅವರಿಗೆ ಕೇಳಿಸಿತ್ತು ಎಂದು ಇವತ್ತಿಗೂ ನನ್ನ ನಂಬಿಕೆ. ಜೋರಾಗಿ ಹೇಳಿದೆ. ಲೀಡ್ಸಿನ ರಸ್ತೆಯಲ್ಲಿ ನಾಯಿ ಹಿಡಿದು ಹೋಗುತ್ತಿದ್ದವನು ನಿಂತು ನೋಡಿದ.

“ಫೋನಲ್ಲಿ ಹೇಳಿದ್ರೆ ನಾನು ಆಫೀಸಿಗೆ ಏನಂತ ತೋರಿಸ್ಲಿ? ಬರವಣಿಗೇಲಿ ಕೊಡಿ.”

“ಇಲ್ಲೇ ಫ್ಯಾಕ್ಸ್ ಐತೆ ಮಿಸ್” ಎಂದು ರಾಜಣ್ಣ ನಡುವೆ ಬಾಯಿ ಹಾಕಿದ.

ಅಷ್ಟರಲ್ಲಿ ಮಂಜುಳಳ ಧ್ವನಿ ಬಂತು. “ಮಿಸ್, ಎಡ್ಗಡೆನೇ ಇತ್ತಾ?”

“ಎಡ್ಗಡೆನೇ ಇತ್ತು ಕಣೇ.”

“ನಂಗೊತ್ತಿತ್ತು. ಗಣಿತ ತಗಂಡು ಫೇಲಾದ್ರೆ?”

“ಫೇಲಾದ್ರೆ ನಾವಿಬ್ರೂ ಫೇಲು.”

“ನಿಮ್ಗೇನ್ ಮಿಸ್, ನಿಮ್ದು ಡಿಗ್ರಿ ಆಗೋಗೈತೆ.” ಬೂತಿನಲ್ಲಿ ಯಾರೋ ಕಿಸಕ್ಕೆಂದರು. “ಇರ್ಲಿ. ಗಣಿತಾನೇ ಬರ್ಸಿ.”

ಶಾಲೆಯ ಕಚೇರಿಯಲ್ಲಿ ಕೂತು ಬರೆದೆ. ‘ಹನ್ನೊಂದು ವರ್ಷದಿಂದ ನಾನು ಗ್ರಾಫ್ ಅನ್ನು ತಿರುಗುಮುರುಗಾಗಿ ಕೊಟ್ಟಿರುತ್ತೇನೆ. ಸದರಿ ವಿದ್ಯಾರ್ಥಿನಿಯ ಉತ್ತರಗಳು ಸರಿಯಿದ್ದು, ನನ್ನ ಮೌಲ್ಯಮಾಪನ ತಪ್ಪಾಗಿರುತ್ತದೆ.’ ಕೆಳಗೆ ಹೆಸರು, ಹೆಸರಿನ ಮುಂದೆ ಬಿ.ಎಸ್ಸಿ., ಬಿ.ಎಡ್. ಅದನ್ನು ಬರೆಯದೆ ಬಿಡೋಣವೆನಿಸಿತ್ತು. ಹೊಗಳಿಕೆಗೆ ಮುಂದೆ ಬರುವ ಡಿಗ್ರಿ ಇದಕ್ಕೂ ಬರಲಿ ಎಂದು ಬರೆದೆ. ಆ ಕಡೆ ಫ್ಯಾಕ್ಸ್ ಬಂದದ್ದೇ, ರಾಜಣ್ಣ ಅಕ್ಷರ ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡಲೆಂದು ಅಲ್ಲಿ ನಿಂತಿದ್ದ ಕೊಬ್ಬರಿ ವ್ಯಾಪಾರಿಯ ಕೈಲಿ ಗಟ್ಟಿಯಾಗಿ ಓದಿಸಿದನಂತೆ. ನಾನು ಊರಿಗೆ ಬರುವುದರೊಳಗೆ ಶಿರಾ ಗೇಟಿನಲ್ಲಿ ನನ್ನ ಕೀರ್ತಿ ಹರಡಿತ್ತು.

ಮತ್ತೆ ತುಮಕೂರು

ಗ್ರಹಾಮ್ ಸಾರ್ ಹೊರಡುವಾಗ ಒಂದು ರಬ್ಬರ್ ಹಾಸು, ಒಂದು ಕಟ್ಟು ಪ್ಲಾಸ್ಟಿಕ್ ಹಾಳೆ ಕೊಟ್ಟರು. ಅದರ ಮೇಲೆ ಗೀಚಿದರೆ ಗೀಚಿದ ಬದಿಯಲ್ಲೇ ಗೆರೆ ಏಳುತ್ತದೆ, ತಿರುವುವ ಕೆಲಸವಿಲ್ಲ. ಗುಬ್ಬಿಯಲ್ಲಿ ಅವ್ವ ಕೇಳಿದಳು:

“ಅಷ್ಟು ದೂರ ಹೋಗಿ ಏನೇ ಕಲ್ತ್ಕಂಡ್ ಬಂದೆ?”

“ಎಡ ಯಾವ್ದು, ಬಲ ಯಾವ್ದು ಅಂತ.”

“ಅದ್ಕೆ ಇಮಾನ ಹತ್ಬೇಕಿತ್ತಾ?”

ಶಾಲೆಗೆ ಹೋಗಿ ಮಂಜುಳಳನ್ನು ಪಕ್ಕ ಕೂರಿಸಿಕೊಂಡು, ರಿಜಿಸ್ಟರಿನಲ್ಲಿ ಎರಡನ್ನು ಹೊಡೆದು ಹತ್ತು ಮಾಡಿದೆ ಎಂದೆ. ಅವಳು ಸಂತೋಷಪಡಲಿಲ್ಲ.

“ಒಂಬತ್ತು ಹಾಕಿ ಮಿಸ್. ಐದ್ನೇದು ನಂಗೆ ಸಿಕ್ಕಿರ್ಲಿಲ್ಲ. ಅಂದಾಜಲ್ಲಿ ಹೇಳಿದ್ದೆ.”

ನಾನು ಸರಿಯೆಂದು ಗುರುತು ಹಾಕಿದ್ದ ಎರಡರಲ್ಲಿ ಐದನೆಯದೂ ಒಂದು.

ಮುಂದಿನ ನಾಲ್ಕು ತಿಂಗಳು ಅವಳು ನನ್ನನ್ನು ಬಿಡಲಿಲ್ಲ. ಏನು ಹೇಳಿಕೊಟ್ಟರೂ ಮುಟ್ಟಿ ನೋಡುವವರೆಗೆ ಒಪ್ಪುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅವಳು ಪಾಸಾದಳು, ಗಣಿತದಲ್ಲಿ ಐವತ್ತೆಂಟು. ಹೆಡ್ಮಾಸ್ಟರು ಅದನ್ನು ತಮ್ಮ ದಿಟ್ಟ ನಿರ್ಧಾರವೆಂದು ವಾರ್ಷಿಕ ವರದಿಯಲ್ಲಿ ಬರೆಸಿದರು. ನನಗೆ ಆ ಅಂಕಕ್ಕಿಂತ ಗಣಿತ ಪರೀಕ್ಷೆಯ ದಿನ ಚೆನ್ನಾಗಿ ನೆನಪಿದೆ. ಅವಳು ಹೇಳಿದ್ದನ್ನು ಬರೆಯಲು ಬೇರೆ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕೊಟ್ಟಿದ್ದರು. ಎಲ್ಲರೂ ಹೊರಗೆ ಬಂದರೂ ಇವರಿಬ್ಬರು ಬರಲಿಲ್ಲ. ಕೊನೆಗೆ ಬಂದ ಮಂಜುಳಳ ಮುಖ ಕೆಂಪಗಿತ್ತು.

“ಗ್ರಾಫ್ ಹೆಂಗಿತ್ತೇ?”

“ಕೊಡ್ಲೇ ಇಲ್ಲ ಮಿಸ್. ಕಣ್ಣು ಕಾಣ್ದೋರು ಗ್ರಾಫ್ ಬದ್ಲು ಇದ್ ಬರೀರಿ ಅಂತ ಸುಲಭದ್ದೊಂದು ಕೊಟ್ಟವ್ರೆ.”

“ಮತ್ತೆ? ಬರ್ದ್ಯಾ?”

“ಬರ್ದೆ. ಆಮ್ಯಾಕೆ ಬೇರೆಯೋರಿಗೆ ಕೊಟ್ಟಿದ್ ಗ್ರಾಫ್ ಓದು ಅಂದೆ ಈ ಹುಡ್ಗಿಗೆ. ಅದ್ನೂ ಹೇಳಿ ಹಾಕಿಸ್ದೆ. ಒಂದೊಂದ್ ಬಿಂದು.”

“ಅದಕ್ಕೆ ಮಾರ್ಕ್ಸ್ ಕೊಡಲ್ಲ ಕಣೇ!”

“ಗೊತ್ತು. ಅಲ್ಲಿದ್ದ ಸಾರೂ ಅದ್ನೇ ಹೇಳಿದ್ರು.” ಅವಳು ನನ್ನ ಮೊಣಕೈ ಹಿಡಿದುಕೊಂಡಳು. “ಕೊಡ್ದಿದ್ರೆ ಬುಡ್ಲಿ ಮಿಸ್. ಪೇಪರ್ ತಿದ್ದೋರಾದ್ರೂ ನೋಡ್ಲಿ.”